ನಿಮ್ಮ ಕಥೆ ಬರೆಯೋದಾದರೆ ಹುಟ್ಟಿದ ದಿನದಿಂದ ಶುರು ಮಾಡಬೇಡಿ

ರಿಟೈರ್ ಆದವರಿಗೆಲ್ಲ ಜನ ಹೇಳುವ ಮಾತು ಒಂದೇ. "ಈಗ ಟೈಮ್ ಇದೆಯಲ್ಲ, ಅನುಭವ ಎಲ್ಲ ಬರೆದಿಡಿ." ನನಗೂ ಹೇಳಿದರು. ಇನ್ನೂರು ಪುಟದ ನೋಟ್‌ಬುಕ್ ತಂದೆ. ಮೇಲೆ ಶ್ರೀ ಬರೆದು, "ನಾನು ತಿಪಟೂರಿನ ಒಂದು ಸಾಧಾರಣ ಕುಟುಂಬದಲ್ಲಿ ಹುಟ್ಟಿದೆ" ಅಂತ ಶುರು ಮಾಡಿದೆ. ಒಂದು ವಾರದಲ್ಲಿ ಇಡೀ ಬದುಕು ಮುಗಿದುಹೋಯಿತು. ಹುಟ್ಟಿದೆ, ಓದಿದೆ, ಕೆಲಸ ಸಿಕ್ಕಿತು, ಮದುವೆಯಾಯಿತು, ವರ್ಗವಾಯಿತು, ಮತ್ತೆ ವರ್ಗವಾಯಿತು, ರಿಟೈರ್ ಆದೆ. ಒಟ್ಟು ಹನ್ನೊಂದು ಪುಟ. ಉಳಿದ ಪುಟಗಳಲ್ಲಿ ಈಗ ಹಾಲಿನ ಲೆಕ್ಕ ಇದೆ.

ಆ ಹನ್ನೊಂದು ಪುಟ ಓದಿದ ಮೊಮ್ಮಗಳು ಕೇಳಿದ ಪ್ರಶ್ನೆ ಒಂದೇ ಒಂದು. "ತಾತ, ಟೆಲಿಫೋನ್ ಆಪರೇಟರ್ ಅಂದ್ರೆ ಏನ್ ಮಾಡ್ತಿದ್ದೆ?"

39 ವರ್ಷ ಮಾಡಿದ ಕೆಲಸ. ಹನ್ನೊಂದು ಪುಟದಲ್ಲಿ ಎಲ್ಲಾದರೂ ಅದನ್ನು ಹೇಳಿದ್ದೀನಾ ಅಂತ ಹುಡುಕಿದೆ. ಇಲ್ಲ. ಯಾವ ವರ್ಷ ಯಾವ ಊರಿಗೆ ವರ್ಗವಾಯಿತು ಅಂತ ಇತ್ತು, ಅಲ್ಲಿ ಹೋಗಿ ಏನು ಮಾಡಿದೆ ಅಂತ ಇರಲಿಲ್ಲ. ಹಾಗಾಗಿ ಎರಡನೇ ಸಲ ಬೇರೆ ಥರ ಬರೆದೆ, ಈಗ ನೂರನಲವತ್ತು ಪುಟ ದಾಟಿದೆ. ಹೇಗೆ ಬರೆದೆ ಅನ್ನೋದನ್ನೇ ಇಲ್ಲಿ ಹೇಳುತ್ತಿದ್ದೇನೆ. ನಾನು ಸಾಹಿತಿ ಅಲ್ಲ. ಸಾಹಿತಿಗಳಿಗೆ ಇದು ಬೇಕಾಗಿಯೂ ಇಲ್ಲ. ಎಸ್ಸೆಸ್ಸೆಲ್ಸಿ ಆದ ಮೇಲೆ ರಜೆ ಅರ್ಜಿ ಬಿಟ್ಟು ಬೇರೇನೂ ಬರೆಯದೇ ಇರುವವರಿಗೆ ಇದು.

ಮೊದಲು ಮನೆಯ ನಕ್ಷೆ ಹಾಕಿ

ವಾಕ್ಯ ಬರೆಯಲು ಹೋಗಬೇಡಿ. ಒಂದು ದೊಡ್ಡ ಹಾಳೆ, ಒಂದು ಪೆನ್ಸಿಲ್, ಅಷ್ಟು ಸಾಕು. ನೀವು ಹತ್ತು ವರ್ಷದವರಿದ್ದಾಗ ಇದ್ದ ಮನೆಯ ನಕ್ಷೆ ಹಾಕಿ. ಚೆನ್ನಾಗಿ ಬರಬೇಕು ಅಂತೇನಿಲ್ಲ. ಬಾಗಿಲು ಯಾವ ಕಡೆ, ನೀರು ಎಲ್ಲಿಂದ ಬರುತ್ತಿತ್ತು, ರಾತ್ರಿ ಯಾರು ಎಲ್ಲಿ ಮಲಗುತ್ತಿದ್ದರು, ದೀಪದ ಸ್ವಿಚ್ ಎಲ್ಲಿತ್ತು. ಆಮೇಲೆ ಬೀದಿ. ಎಡಗಡೆ ಮನೆ ಯಾರದ್ದು, ಬಲಗಡೆ ಯಾರದ್ದು, ಗಿರಣಿ ಎಲ್ಲಿ, ಯಾರ ಮನೆ ನಾಯಿಗೆ ಹೆದರಿ ಸುತ್ತಿಬಳಸಿ ಹೋಗುತ್ತಿದ್ದಿರಿ.

ನಾನು ಇದನ್ನು ಸುಮ್ನೆ ಹೇಳುತ್ತಿಲ್ಲ. "ನನ್ನ ಬಾಲ್ಯ ಹೇಗಿತ್ತು" ಅಂತ ನನ್ನನ್ನೇ ಕೇಳಿಕೊಂಡಾಗ ಬಂದ ಉತ್ತರ "ಬಡತನ ಇತ್ತು, ಆದರೂ ಸಂತೋಷವಾಗಿದ್ದೆವು." ಇದನ್ನು ಯಾರು ಬೇಕಾದರೂ ಬರೆಯಬಹುದು, ಎಲ್ಲರೂ ಬರೆದೂ ಇದ್ದಾರೆ. ಆದರೆ ನಕ್ಷೆಯಲ್ಲಿ ನಡುಮನೆಯ ಮೇಲೆ ಅಟ್ಟ ಅಂತ ಒಂದು ಗೆರೆ ಎಳೆದ ಕೂಡಲೇ ತೆಂಗಿನಕಾಯಿ ಬಂತು.

ತಿಪಟೂರು ಅಂದರೆ ಕೊಬ್ಬರಿ, ಗೊತ್ತಲ್ವಾ. ಅಪ್ಪ ಮಂಡಿಯಲ್ಲಿ ಗುಮಾಸ್ತರು. ನಮ್ಮದೂ ಒಂದಿಷ್ಟು ಮರ ಇದ್ದವು. ಬಲಿತ ಕಾಯಿಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಹಾಕಿದರೆ ಹತ್ತು ಹನ್ನೊಂದು ತಿಂಗಳು, ಕೆಲವು ಸಲ ಇಡೀ ವರ್ಷ, ಅದು ಅಲ್ಲೇ ಇರುತ್ತದೆ. ಒಳಗಿನ ನೀರು ನಿಧಾನಕ್ಕೆ ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಅಲ್ಲಾಡಿಸಿದರೆ ಒಳಗೆ ಗಟಗಟ ಅನ್ನಬೇಕು. ಅನ್ನಲಿಲ್ಲ ಅಂದರೆ ಇನ್ನೂ ಆಗಿಲ್ಲ, ವಾಪಸ್ ಅಟ್ಟಕ್ಕೆ. ಕಾಯಿ ಅಲ್ಲಾಡಿಸಿ ಕೇಳುವುದು ನಮ್ಮ ಕೆಲಸ, ಮಕ್ಕಳದ್ದು. ಅಜ್ಜಿಗೆ ಆ ಹೊತ್ತಿಗೆ ಕಿವಿ ಮಂದವಾಗಿತ್ತು, ಹಾಗಾಗಿ ಅವರು ಕಾಯಿಯನ್ನು ಹಣೆಗೆ ಒತ್ತಿ ಹಿಡಿದು ಅಲ್ಲಾಡಿಸಿ ಹೇಳುತ್ತಿದ್ದರು, ಆಗಿದೆ, ಆಗಿಲ್ಲ. ಒಡೆದ ಚಿಪ್ಪು ಬಚ್ಚಲೊಲೆಗೆ. ಚಿಪ್ಪಿನ ಬೆಂಕಿಯಲ್ಲಿ ಕಾದ ನೀರಿಗೆ ಒಂದು ವಾಸನೆ ಇರುತ್ತದೆ, ಸ್ನಾನ ಮಾಡಿ ಶಾಲೆಗೆ ಹೋದರೂ ಕೂದಲಲ್ಲಿ ಉಳಿಯುತ್ತಿತ್ತು. ಇಡೀ ಕ್ಲಾಸಿಗೇ ಆ ವಾಸನೆ ಇದ್ದುದರಿಂದ ಯಾರಿಗೂ ಅದು ವಾಸನೆ ಅಂತಲೇ ಗೊತ್ತಿರಲಿಲ್ಲ. ಮೊದಲ ಸಲ ಗೊತ್ತಾಗಿದ್ದು ಕೆಲಸಕ್ಕೆ ಬೇರೆ ಊರಿಗೆ ಹೋದಾಗ, ರೂಮಿನವನು ನನ್ನ ಟ್ರಂಕು ತೆರೆದು "ಏನಪ್ಪಾ ಹೊಗೆ ವಾಸನೆ" ಅಂದಾಗ.

ಅಜ್ಜಿ ಹಣೆಗೆ ಕಾಯಿ ಒತ್ತಿಕೊಳ್ಳುತ್ತಿದ್ದುದು ನನಗೆ ಐವತ್ತು ವರ್ಷ ನೆನಪೇ ಇರಲಿಲ್ಲ. ಅಟ್ಟದ ಗೆರೆ ಎಳೆದ ಮೇಲೆ ಬಂತು.

ಒಡಹುಟ್ಟಿದವರನ್ನು ಕೇಳಿ, ಜಗಳಕ್ಕೆ ರೆಡಿ ಇರಿ

ನಕ್ಷೆ ಆದ ಮೇಲೆ ಅದನ್ನು ಅಕ್ಕನಿಗೋ ತಮ್ಮನಿಗೋ ತೋರಿಸಿ. "ಹಳೇದೆಲ್ಲ ಏನಾದರೂ ಹೇಳು" ಅಂದರೆ ಏನೂ ಹೇಳುವುದಿಲ್ಲ. "ಬಾವಿ ಇಲ್ಲಿತ್ತಲ್ವಾ?" ಅಂತ ಕೇಳಿ ನೋಡಿ. ತಪ್ಪು ಜಾಗ ತೋರಿಸಿದರೆ ಇನ್ನೂ ಒಳ್ಳೆಯದು. ತಿದ್ದುವ ಚಪಲಕ್ಕೆ ಒಂದು ಗಂಟೆ ಮಾತಾಡುತ್ತಾರೆ. ಅಮ್ಮ ಅಪ್ಪ ಇನ್ನೂ ಇದ್ದಾರೆ ಅನ್ನುವ ಅದೃಷ್ಟವಂತರು ಇವತ್ತೇ ಕೇಳಿ. ಫೋನಿನಲ್ಲಿ ರೆಕಾರ್ಡ್ ಒತ್ತಿ ಟವೆಲ್ ಪಕ್ಕ ಇಟ್ಟುಬಿಡಿ, ಎದುರಿಗೆ ಹಿಡಿದರೆ ಭಾಷಣದ ಥರ ಮಾತಾಡಲು ಶುರು ಮಾಡುತ್ತಾರೆ. ಒಂದು ಮಾತು, ರೆಕಾರ್ಡ್ ಮಾಡುತ್ತಿದ್ದೀನಿ ಅಂತ ಮೊದಲೇ ಹೇಳಿ.

ನನ್ನ ವಿಷಯದಲ್ಲಿ ಏನಾಯಿತು ಕೇಳಿ. ಏಳನೇ ವಯಸ್ಸಿನಲ್ಲಿ ಆ ಅಟ್ಟದಿಂದ ಬಿದ್ದು ಮೊಣಕಾಲು ಒಡೆದುಕೊಂಡಿದ್ದು ನನಗೆ ಚೆನ್ನಾಗಿ ನೆನಪಿದೆ. ಕಾಯಿ ಉರುಳಿದ್ದು, ಅಮ್ಮ ಕಿರುಚಿದ್ದು, ಅರಿಶಿನ ಒತ್ತಿದ್ದು, ಎಲ್ಲ. ಎರಡು ಪುಟ ಬರೆದಿದ್ದೆ. ಅಕ್ಕ ಓದಿ ಮಾತಾಡದೆ ಸೀರೆ ಸ್ವಲ್ಪ ಮೇಲೆತ್ತಿ ಮೊಣಕಾಲು ತೋರಿಸಿದಳು. ಗಾಯದ ಗುರುತು ಅವಳ ಕಾಲಲ್ಲಿದೆ. ನನ್ನ ಕಾಲಲ್ಲಿ ಏನೂ ಇಲ್ಲ.

ಹೀಗಾದಾಗ ಬರೆದಿದ್ದನ್ನು ಹರಿದು ಹಾಕಬೇಡಿ. ಎರಡನ್ನೂ ಇಟ್ಟುಕೊಳ್ಳಿ. ನಾನು ಆ ಎರಡು ಪುಟ ಹಾಗೇ ಬಿಟ್ಟು ಕೆಳಗೆ ಬರೆದೆ: ಇದು ನಡೆದದ್ದು ಅಕ್ಕನಿಗೆ, ನನಗೆ ಯಾಕೆ ನೆನಪಿದೆಯೋ ಗೊತ್ತಿಲ್ಲ.

ತಾರೀಕು ಹಿಡಿಯುವುದು

ನಮ್ಮ ಕಾಲದವರ ದೊಡ್ಡ ತೊಂದರೆ ಹುಟ್ಟಿದ ದಿನದಿಂದಲೇ ಶುರು. ಶಾಲೆಯ ದಾಖಲೆ ಪ್ರಕಾರ ನಾನು ಹುಟ್ಟಿದ್ದು 1958ರ ಜೂನ್ 1. ನನ್ನ ಕ್ಲಾಸಿನಲ್ಲಿ ಅರ್ಧ ಜನ ಜೂನ್ 1ಕ್ಕೇ ಹುಟ್ಟಿದವರು! ಬೇಗ ಶಾಲೆಗೆ ಸೇರಿಸಬೇಕು ಅಂತ ಅಪ್ಪ, ಸರಿ ಅಂತ ಮೇಷ್ಟರು. ಆದರೆ ಅಮ್ಮ ಹೇಳುತ್ತಿದ್ದುದು "ವಿಕಾರಿ ಸಂವತ್ಸರ, ಕಾರ್ತೀಕ ಮಾಸ." ಸಂವತ್ಸರದ ಹೆಸರು 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಈಚೆಗೆ ವಿಕಾರಿ ಬಂದಿದ್ದು 2019ರ ಯುಗಾದಿಗೆ. ಅರವತ್ತು ಕಳೆಯಿರಿ, 1959. ಅಂದರೆ ನಾನು ಹುಟ್ಟಿದ್ದು 1959ರ ಕೊನೆಗೆ. ಮನೆಯಲ್ಲಿ ಹಿರಿಯರು ಸಂವತ್ಸರದ ಹೆಸರು ಹೇಳಿದ್ದರೆ ನೀವೂ ಹೀಗೇ ಲೆಕ್ಕ ಹಾಕಬಹುದು. ಹಳೇ ಲಗ್ನಪತ್ರಿಕೆ ಬಿಸಾಡಬೇಡಿ, ಅದರಲ್ಲಿ ಸಂವತ್ಸರ, ಮಾಸ, ತಿಥಿ ಎಲ್ಲ ಅಚ್ಚಾಗಿರುತ್ತದೆ.

ನಡುವೆ ಒಂದು ಮಾತು. ಸರ್ಕಾರದ ನಿಯಮದಲ್ಲಿ ತಿಂಗಳ ಮೊದಲ ದಿನ ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗಬೇಕು. ಹಾಗಾಗಿ 2018ರ ಮೇ 31ಕ್ಕೆ ನನಗೆ ಹಾರ ಹಾಕಿ ಕಳಿಸಿದರು. ಅಮ್ಮನ ಲೆಕ್ಕದಲ್ಲಿ ನನಗಿನ್ನೂ ಐವತ್ತೆಂಟೂವರೆ. ಮೇಷ್ಟರ ಒಂದು ಗೆರೆಗೆ ಒಂದೂವರೆ ವರ್ಷದ ಸಂಬಳ ಹೋಯಿತು. ಆದರೆ ಅದೇ ಗೆರೆಯಿಂದ ಹತ್ತೊಂಬತ್ತಕ್ಕೇ ಕೆಲಸವೂ ಸಿಕ್ಕಿತ್ತು, ದೂರುವ ಹಾಗಿಲ್ಲ.

ಪತ್ರಗಳಿಗೆ ತಾರೀಕು ಇಲ್ಲದಿದ್ದರೆ ವಿಳಾಸ ನೋಡಿ. ಪಿನ್ ಕೋಡ್ ಶುರುವಾಗಿದ್ದು 1972ರ ಆಗಸ್ಟ್ 15ಕ್ಕೆ, ಅದು ಇದ್ದರೆ ಪತ್ರ ಅದರ ನಂತರದ್ದು. ಇಲ್ಲದಿದ್ದರೆ ಹಳೆಯದು ಅಂತ ಮಾತ್ರ ತಿಳಿಯಬೇಡಿ, ನಮ್ಮ ಮಾವ ಸಾಯುವವರೆಗೂ ಪಿನ್ ಬರೆಯಲಿಲ್ಲ. "ಮೈಸೂರು ರಾಜ್ಯ" ಅಂತ ಅಚ್ಚಾದ ಸರ್ಕಾರಿ ಕಾಗದವಾದರೆ ಬಹುತೇಕ 1973ರ ನವೆಂಬರ್ 1ಕ್ಕಿಂತ ಮುಂಚಿನದು.

ಕೆಲಸದ ವರ್ಷಗಳಿಗೆ ಇನ್ನೊಂದು ಉಪಾಯ. ಇಡೀ ದೇಶಕ್ಕೆ ನೆನಪಿರುವ ದಿನಗಳನ್ನು ಹಿಡಿದು, ಆ ದಿನ ನೀವು ಯಾವ ಕುರ್ಚಿಯಲ್ಲಿ ಕೂತಿದ್ದಿರಿ ಅಂತ ಕೇಳಿಕೊಳ್ಳಿ. 1980ರ ಫೆಬ್ರವರಿ 16, ಶನಿವಾರ, ದೊಡ್ಡ ಸೂರ್ಯಗ್ರಹಣ. ನಾನು ಮೊದಲ ಪೋಸ್ಟಿಂಗ್‌ನಲ್ಲಿದ್ದೆ, ಮಧ್ಯಾಹ್ನದ ಡ್ಯೂಟಿ. ಊರಲ್ಲಿ ಒಂದು ನಾಯಿಯೂ ಬೀದಿಯಲ್ಲಿಲ್ಲ. ಬೋರ್ಡಿನಲ್ಲಿ ಎರಡು ಗಂಟೆ ಹೊತ್ತು ಒಂದು ಕರೆಯೂ ಬರಲಿಲ್ಲ, ನನ್ನ ಸರ್ವಿಸಿನಲ್ಲಿ ಮತ್ತೆ ಅಂಥ ಮೌನ ನೋಡಲಿಲ್ಲ. 1984ರ ಅಕ್ಟೋಬರ್ 31, ಇಂದಿರಾ ಗಾಂಧಿ ಹತ್ಯೆಯ ದಿನ, ನಾನು ಹಾಸನದಲ್ಲಿ. ಎಲ್ಲರೂ ಒಟ್ಟಿಗೆ ಫೋನ್ ಎತ್ತಿದ್ದರು. ಅಂದರೆ ಹಾಸನಕ್ಕೆ ವರ್ಗವಾಗಿದ್ದು ಈ ಎರಡರ ನಡುವೆ. ಆಮೇಲೆ ಆರ್ಡರ್ ಸಿಕ್ಕಿತು, 1982. ದಿನ ನೆನಪಿಗೆ ಬಂದರೆ ಕಾಗದ ಹುಡುಕುವುದು ಸುಲಭ.

ಇನ್ನೊಂದು ಎಚ್ಚರಿಕೆ. ನಾನು "ಆಗೆಲ್ಲ ಆಣೆ ಲೆಕ್ಕ, ಸೇರಿನ ಅಳತೆ" ಅಂತ ಜಂಬದಿಂದ ಬರೆದಿದ್ದೆ. ನಯಾಪೈಸೆ ಬಂದಿದ್ದು 1957ರ ಏಪ್ರಿಲ್ 1ಕ್ಕೆ, ನಾನು ಹುಟ್ಟುವ ಮುಂಚೆಯೇ! ನಾವು ಕೈಯಲ್ಲಿ ಹಿಡಿದದ್ದು 25 ಪೈಸೆ, ಬಾಯಲ್ಲಿ ಅಂದದ್ದು ನಾಲ್ಕಾಣೆ. ಸೇರೂ ಹಾಗೆಯೇ. ಅಂಗಡಿಯಲ್ಲಿ ಕಿಲೋ ಬಂದ ಮೇಲೂ ಅಮ್ಮನ ಅಡುಗೆಮನೆಯಲ್ಲಿ ಸೇರು, ಪಾವು, ಚಟಾಕು ಕದಲಲಿಲ್ಲ. ಮಾತು ಹಳೆಯದಾಗಿರುತ್ತದೆ, ವಸ್ತು ಹೊಸದಾಗಿರುತ್ತದೆ. ಎರಡನ್ನೂ ಬರೆಯಿರಿ.

ಕೆಲಸದ ಬಗ್ಗೆ ಬರೆಯುವಾಗ ಒಂದೇ ಒಂದು ದಿನ ಸಾಕು

ಇಡೀ ಸರ್ವಿಸ್ ಬರೆಯಬೇಡಿ. ಒಂದು ಶಿಫ್ಟ್ ಬರೆಯಿರಿ. ಕುರ್ಚಿಗೆ ಕೂತಾಗಿನಿಂದ ಏಳುವವರೆಗೆ, ಕೈ ಏನು ಮಾಡಿತು. ಮನಸ್ಸು ಏನು ಅಂದುಕೊಂಡಿತು ಅನ್ನೋದು ಆಮೇಲೆ. ನೆನಪಾಗದಿದ್ದರೆ ಖಾಲಿ ಮೇಜಿನ ಮುಂದೆ ಕೂತು ಕೈ ಆಡಿಸಿ ನೋಡಿ. ಮನೆಯವರು ನಗುತ್ತಾರೆ, ನಗಲಿ. ನನ್ನ ಬಲಗೈ ತಾನಾಗಿ ಮುಂದೆ ಹೋಗಿ ಕಾರ್ಡ್, ಅಂದರೆ ಲೈನ್ ಜೋಡಿಸುವ ವೈರು, ಎಳೆಯಿತು.

ಮೊಮ್ಮಗಳಿಗಾಗಿ ಬರೆದದ್ದು ಸುಮಾರು ಹೀಗಿದೆ. ಮಲೆನಾಡಿನ ಅಂಚಿನ ತಾಲ್ಲೂಕು ಊರು, ಸಣ್ಣ ಎಕ್ಸ್‌ಚೇಂಜ್. ಗೋಡೆಗೆ ಒರಗಿದ ಬೀರುವಿನ ಥರದ ಬೋರ್ಡು. ಊರಿನ ಒಂದೊಂದು ಫೋನಿಗೂ ಬೋರ್ಡಿನಲ್ಲಿ ಒಂದೊಂದು ತೂತು, ಅದರ ಹತ್ತಿರ ಒಂದು ಸಣ್ಣ ಮುಚ್ಚಳ. ಅವರು ಮನೆಯಲ್ಲಿ ಫೋನಿನ ಹಿಡಿ ತಿರುಗಿಸಿದರೆ ಇಲ್ಲಿ ಮುಚ್ಚಳ ಕಟಕ್ ಅಂತ ಬೀಳುತ್ತದೆ. ಕಾರ್ಡ್ ಎಳೆದು ಆ ತೂತಿಗೆ ಚುಚ್ಚಿ "ನಂಬರ್ ಪ್ಲೀಸ್" ಅನ್ನಬೇಕು. ಅವರು ನಂಬರ್ ಹೇಳುವುದಿಲ್ಲ. "ಡಾಕ್ಟರ್ ಮನೆ ಕೊಡಪ್ಪ" ಅನ್ನುತ್ತಾರೆ. ಡಾಕ್ಟರು ಮನೆಯಲ್ಲಿಲ್ಲ, ಕ್ಲಬ್ಬಿಗೆ ಹೋಗಿದ್ದಾರೆ ಅಂತ ನಮಗೆ ಗೊತ್ತಿರುತ್ತದೆ, ಹಾಗಾಗಿ ನೇರ ಕ್ಲಬ್ಬಿಗೇ ಕೊಡುತ್ತಿದ್ದೆವು. ಊರಲ್ಲಿ ಯಾರು ಎಲ್ಲಿದ್ದಾರೆ ಅನ್ನೋದು ಆಪರೇಟರ್‌ಗೆ ಗೊತ್ತಿದ್ದಷ್ಟು ಅವರ ಹೆಂಡತಿಗೂ ಗೊತ್ತಿರಲಿಲ್ಲ.

ಬೇರೆ ಊರಿಗಾದರೆ ಟ್ರಂಕ್ ಕಾಲ್. ಒಂದು ಚೀಟಿಯಲ್ಲಿ ಯಾವ ನಂಬರ್, ಯಾವ ಊರು, ಬುಕ್ ಮಾಡಿದ ಹೊತ್ತು ಬರೆದುಕೊಂಡು, "ಇಟ್ಟಿರಿ, ಲೈನ್ ಸಿಕ್ಕಿದಾಗ ಕರೀತೀನಿ" ಅನ್ನುವುದು. ಆ "ಸಿಕ್ಕಿದಾಗ" ಅನ್ನೋದು ಅರ್ಧ ಗಂಟೆಯೂ ಆಗಬಹುದು, ಅರ್ಧ ದಿನವೂ ಆಗಬಹುದು. ಆರ್ಡಿನರಿಗೆ ಒಂದು ರೇಟು, ಅರ್ಜೆಂಟಿಗೆ ಅದರ ಎರಡರಷ್ಟು, ಲೈಟ್ನಿಂಗ್ ಕಾಲ್‌ಗೆ ಎಂಟರಷ್ಟು. ಇಂಥವರೇ ಬಂದು ಮಾತಾಡಬೇಕು ಅಂದರೆ ಪಿ.ಪಿ. ಕಾಲ್, ಅದಕ್ಕೆ ಬೇರೆ ದುಡ್ಡು. ಮೂರು ನಿಮಿಷಕ್ಕೆ ಒಂದು ಲೆಕ್ಕ. ಮೂರಾದ ಕೂಡಲೇ ನಡುವೆ ಬಾಯಿ ಹಾಕಿ "ತ್ರೀ ಮಿನಿಟ್ಸ್" ಅನ್ನಬೇಕು. ಕಾಫಿ ಬೆಳೆಗಾರರು ಮಂಗಳೂರಿನ ಕ್ಯೂರಿಂಗ್ ವರ್ಕ್ಸ್ ಜೊತೆ ರೇಟು ಮಾತಾಡುವಾಗ ಅದನ್ನು ಅಂದರೆ ಬೈಗುಳ ತಪ್ಪಿದ್ದಲ್ಲ. ಮಳೆಗಾಲದಲ್ಲಂತೂ ಕೇಳಲೇಬೇಡಿ. ಕಂಬದ ಮೇಲಿನ ತಂತಿ, ಮರ ಬಿದ್ದರೆ ಮುಗಿಯಿತು.

ಈ ಕೆಲಸದಲ್ಲಿ ನನಗೆ ಇಷ್ಟವಾದದ್ದು ಇನ್ನೊಂದು ತುದಿಯ ಆಪರೇಟರ್‌ಗಳು. ಯಾರ ಹೆಸರೂ ಗೊತ್ತಿರಲಿಲ್ಲ, ಊರೇ ಹೆಸರು. "ಏನು ಹಾಸನ, ಊಟ ಆಯ್ತಾ?" "ಆಯ್ತು ಮಾರಾಯ, ನಿಂದು?" ಒಬ್ಬ ಅರಸೀಕೆರೆ ಇದ್ದ, ಶೀತ ಆದರೆ ದನಿಯಲ್ಲೇ ಗೊತ್ತಾಗುತ್ತಿತ್ತು. ಮೂರು ವರ್ಷ ದಿನಾ ಮಾತಾಡಿದ್ದೇವೆ. ಅವನ ಮುಖ ನಾನು ನೋಡಿಲ್ಲ.

ನೋಡಿ, ಇಷ್ಟು ಬರೆಯಲು ಒಂದೇ ಶಿಫ್ಟ್ ಸಾಕಾಯಿತು. ಟೈಲರ್ ಆಗಿದ್ದವರು ಒಂದು ಬ್ಲೌಸ್ ಬರೆಯಿರಿ. ಕಂಡಕ್ಟರ್ ಒಂದು ಟ್ರಿಪ್ ಬರೆಯಿರಿ. ಮನೆಯಲ್ಲೇ ಇದ್ದ ಹೆಂಗಸರು "ನಾವೇನು ಕೆಲಸ ಮಾಡಿದ್ದೀವಿ" ಅನ್ನುತ್ತಾರೆ. ಹದಿನಾಲ್ಕು ಜನಕ್ಕೆ ಸೌದೆ ಒಲೆಯಲ್ಲಿ ಮುದ್ದೆ ಮಾಡಿದ ಒಂದು ಬೆಳಿಗ್ಗೆಯನ್ನು ಬರೆಯಿರಿ ಅಮ್ಮಾ, ನನ್ನ ಬೋರ್ಡು ಅದರ ಮುಂದೆ ಏನೇನೂ ಅಲ್ಲ.

ಕೆಲಸ ಬದಲಾದ ಗಳಿಗೆಯನ್ನು ಮಾತ್ರ ಬಿಡಬೇಡಿ. 1986ರಲ್ಲಿ ನಮ್ಮದೇ ರಾಜ್ಯದ ಕಿತ್ತೂರಿನಲ್ಲಿ ಸಿ-ಡಾಟ್ ಅನ್ನೋ ಸರ್ಕಾರಿ ಟೆಲಿಫೋನ್ ಸಂಶೋಧನಾ ಸಂಸ್ಥೆಯವರ ಸಣ್ಣ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್ ಶುರುವಾಯಿತು ಅಂತ ಸುದ್ದಿ ಬಂತು. 128 ಲೈನು, ಎ.ಸಿ. ರೂಮೂ ಬೇಡವಂತೆ, ಆಪರೇಟರ್ ಅಂತೂ ಬೇಡವೇ ಬೇಡ. ನಾವು ನಕ್ಕೆವು. ಕ್ಲಬ್ಬಿಗೆ ಹೋದ ಡಾಕ್ಟರನ್ನು ಆ ಡಬ್ಬ ಹುಡುಕುತ್ತಾ ಅಂತ. ಕೆಲವೇ ವರ್ಷಗಳಲ್ಲಿ ನಾನು 197ರಲ್ಲಿ ಕೂತು, ಫೋನ್ ಮಾಡಿ ವಿಚಾರಿಸಿದವರಿಗೆ ನಂಬರ್ ಹೇಳುತ್ತಿದ್ದೆ, ಆಮೇಲೆ ಬಿಲ್ ಕೌಂಟರ್, 2000ದಲ್ಲಿ ಇಲಾಖೆ ಹೋಗಿ ಬಿಎಸ್ಎನ್ಎಲ್ ಆಯಿತು, 2002ರಲ್ಲಿ ಮೊಬೈಲ್ ಸಿಮ್‌ಗೆ ಬಂದ ಕ್ಯೂ ನೋಡಿಕೊಳ್ಳುವುದೇ ನನ್ನ ಡ್ಯೂಟಿ.

ಬರೆಯಲು ಮನಸ್ಸಿಲ್ಲದ್ದು

ಇದು ಕಷ್ಟದ ಭಾಗ. ಚಿಕ್ಕದಾಗಿ ಹೇಳುತ್ತೇನೆ. ರಿಟೈರ್ ಆದವರ ಬರಹಗಳಲ್ಲಿ ಎಲ್ಲರೂ ಪ್ರಾಮಾಣಿಕರು, ಮೇಲಧಿಕಾರಿಗಳು ಮಾತ್ರ ಕೆಟ್ಟವರು. ಓದಿ ಓದಿ ಸಾಕಾಗಿದೆ. ನೀವು ತಪ್ಪು ಮಾಡಿದ ಒಂದು ದಿನವನ್ನಾದರೂ ಬರೆಯಿರಿ. ಬೇರೆಯವರ ಮಾನ ಹೋಗುವಂಥದ್ದು ಬೇಡ, ನಿಮ್ಮದು ಬರೆಯಿರಿ.

ನನ್ನದು ಇದು. ಜುಲೈ ತಿಂಗಳು, ಧೋ ಅಂತ ಮಳೆ, ರಾತ್ರಿ ಡ್ಯೂಟಿ. ಎರಡು ಗಂಟೆಗೆ ಒಬ್ಬರು ಹಾಸನಕ್ಕೆ ಅರ್ಜೆಂಟ್ ಬುಕ್ ಮಾಡಿದರು. ಹೆಂಡತಿಗೆ ಹೆರಿಗೆ ನೋವು, ಭಾವನ ಕಾರು ಬರಬೇಕು. ಲೈನ್ ಸಿಗಲಿಲ್ಲ. "ಸಿಕ್ಕಿದ ಕೂಡಲೇ ಕೊಡ್ತೀನಿ ಸಾರ್" ಅಂದು ಮೇಜಿನ ಮೇಲೆ ತಲೆ ಇಟ್ಟೆ. ಎಚ್ಚರವಾದಾಗ ಮೂರೂ ಕಾಲು. ಲೈನ್ ಹಾಕಿದರೆ ಒಂದೇ ಸಲಕ್ಕೆ ಸಿಕ್ಕಿತು. ಅದು ಎಷ್ಟು ಹೊತ್ತಿನಿಂದ ಸರಿಯಾಗಿತ್ತೋ ದೇವರಿಗೇ ಗೊತ್ತು. ಚೀಟಿಯಲ್ಲಿ "ಲೈನ್ ಫಾಲ್ಟ್" ಅಂತ ಬರೆದೆ. ಮೂರು ದಿನ ಬಿಟ್ಟು ಅವರು ಎಕ್ಸ್‌ಚೇಂಜಿಗೇ ಬಂದರು. ನನ್ನ ಎದೆ ಡವಡವ. ಹೆಣ್ಣು ಮಗು, ಇಬ್ಬರೂ ಕ್ಷೇಮ, ಅಂಥ ಮಳೆಯಲ್ಲೂ ಲೈನ್ ಕೊಡಿಸಿದ್ರಿ ಅಂತ ಪೇಡದ ಪೊಟ್ಟಣ ಕೊಟ್ಟು ಕೈ ಮುಗಿದರು. ನಾನು ತೆಗೆದುಕೊಂಡೆ. ತಿಂದೆ ಕೂಡ.

ಮೊದಲ ಹನ್ನೊಂದು ಪುಟದಲ್ಲಿ ಇದು ಇರಲಿಲ್ಲ. ಮೊಮ್ಮಗಳು ಈಗ ನೋಟ್‌ಬುಕ್ ತೆಗೆದರೆ ನೇರ ಈ ಪುಟಕ್ಕೇ ಹೋಗುತ್ತಾಳೆ.

ಕೊನೆಗೆ ಸಾಮಾನು ಸರಂಜಾಮು

ಬರೆಯಲು ಕೈ ನೋಯುತ್ತದೆ ಅನ್ನುವವರು ಫೋನಿನ ಕೀಬೋರ್ಡಿನಲ್ಲಿ ಕನ್ನಡ ಆರಿಸಿ ಮೈಕ್ ಒತ್ತಿ ಮಾತಾಡಿ, ಅಕ್ಷರವಾಗುತ್ತದೆ. ಪೂರ್ಣವಿರಾಮ ಹಾಕಿಕೊಳ್ಳುವುದು, ಊರಿನ ಹೆಸರು ತಿದ್ದುವುದು ನಿಮ್ಮ ಪಾಡು. ದಿನಕ್ಕೆ ಅರ್ಧ ಗಂಟೆ ಸಾಕು. ಜಾಸ್ತಿ ಬರೆದರೆ ರಾತ್ರಿ ನಿದ್ದೆ ಬರುವುದಿಲ್ಲ, ನನ್ನ ಅನುಭವ. ಫೋಟೋ ಹಿಂದೆ ಹೆಸರು ಬರೆಯುವಾಗ ಪೆನ್ಸಿಲ್ ಬಳಸಿ, ಮೆಲ್ಲಗೆ. ಪೆನ್ನಿನ ಇಂಕು ಮುಂದಕ್ಕೆ ಇಳಿಯುತ್ತದೆ. ಬರೆದದ್ದನ್ನು ಜೆರಾಕ್ಸ್ ಅಂಗಡಿಯಲ್ಲಿ ಎರಡು ಪ್ರತಿ ತೆಗೆಸಿ ಸ್ಪೈರಲ್ ಹಾಕಿಸಿ, ಒಂದು ಬೇರೆ ಊರಿನಲ್ಲಿರುವವರ ಹತ್ತಿರ ಇರಲಿ. ಪುಸ್ತಕ ಅಚ್ಚು ಹಾಕಿಸಿ ಬಿಡುಗಡೆ ಸಮಾರಂಭ ಮಾಡುವ ಆಸೆ ಇದ್ದರೆ ನಾನು ಬೇಡ ಅನ್ನುವುದಿಲ್ಲ, ಆದರೆ ಬಂದ ನೂರು ಜನದಲ್ಲಿ ಓದುವವರು ನಾಲ್ಕು.

ಪ್ರತಿಯ ಕೊನೆಯಲ್ಲಿ ಹತ್ತು ಖಾಲಿ ಹಾಳೆ ಸೇರಿಸಿ ಬೈಂಡ್ ಮಾಡಿಸಿ. ಓದಿದವರು ತಿದ್ದಿ ಬರೆಯಲಿ. ಅಕ್ಕನಿಗೆ ಕೊಟ್ಟ ಪ್ರತಿ ಕಳೆದ ತಿಂಗಳು ವಾಪಸ್ ಬಂತು. ಒಂದೇ ಖಾಲಿ ಹಾಳೆ ತುಂಬಿದ್ದಾಳೆ, ಅದೂ ಮೂರು ಸಾಲು. "ಅಟ್ಟದಿಂದ ಬಿದ್ದವಳು ನಾನು ಅಂತ ಒಪ್ಪಿಕೊಂಡಿದ್ದೀಯ, ಸಂತೋಷ. ನಾನು ಮೇಲಿದ್ದಾಗ ಏಣಿ ತೆಗೆದವನು ಯಾರು ಅಂತ ಎಲ್ಲೂ ಬರೆದಿಲ್ಲ. ನಿನಗೆ ಯಾಕೆ ಅಷ್ಟು ಚೆನ್ನಾಗಿ ನೆನಪಿದೆ ಅಂತ ಈಗ ಗೊತ್ತಾಯ್ತೇನೋ?"